ಸರ್ಧಾನದ ಬೇಗಂ ಸಮರೂ: ಅಳಿದ ಮನೆತನ, ಉಳಿದ ದಾನ

ಧರ್ಮಕೇಂದ್ರದ ಗುರುಗಳ ಬಳಿಗೆ ಜನರು ಪಾಪನಿವೇದನೆಗಾಗಿಯೋ ಮದುವೆಯ ಪ್ರಕಟಣೆಗಾಗಿಯೋ ಮಾತ್ರ ಬರುತ್ತಾರೆಂದು ತಿಳಿದವರು ನಮ್ಮ ಕಚೇರಿಯಲ್ಲಿ ಒಂದು ದಿನ ಕುಳಿತು ನೋಡಬೇಕು. ಚನ್ನಗಿರಿಯಿಂದ ಒಬ್ಬರು, ಹೊನ್ನಾಳಿಯಿಂದ ಇನ್ನೊಬ್ಬರು, ನ್ಯಾಮತಿಯಿಂದ, ದೂರದ ಜಗಳೂರಿನಿಂದ ಮತ್ತೊಬ್ಬರು ಬರುತ್ತಾರೆ. ಕೈಯಲ್ಲಿ ಹಳೆಯ ಪಹಣಿ, ಕಂದಾಯದ ರಸೀದಿ, ಮಡಿಚಿ ಮಡಿಚಿ ಹರಿದ ಪಾಲುಪಟ್ಟಿ. ಪೌತಿ ಖಾತೆಯಾಗಬೇಕು, ಅಜ್ಜನ ಜ್ಞಾನಸ್ನಾನದ ದಾಖಲೆ ಬೇಕು. ಪಹಣಿಯಲ್ಲಿ ಒಂದು ಹೆಸರು, ನಮ್ಮ ಪುಸ್ತಕದಲ್ಲಿ ಇನ್ನೊಂದು ಹೆಸರು. ಕೆಲವರ ಕಾಗದಗಳು ಶಿವಮೊಗ್ಗದಲ್ಲಿ, ಕೆಲವರವು ಚಿತ್ರದುರ್ಗದಲ್ಲಿ, 1997ರಲ್ಲಿ ಜಿಲ್ಲೆಯಾದ ದಾವಣಗೆರೆಯಲ್ಲಿ ಮತ್ತೆ ಕೆಲವರವು. ಹೀಗೆ ಕಾಗದಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡುತ್ತಿರುವಾಗ ಒಂದು ಮನೆತನದ ಏಳುಬೀಳು, ಪ್ರೀತಿ, ಮುನಿಸು ಎಲ್ಲವೂ ಕಣ್ಣೆದುರು ಬಂದು ನಿಲ್ಲುತ್ತವೆ.

ಈ ಶತಮಾನೋತ್ಸವ ಸ್ಮರಣ ಸಂಚಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನಚರಿತ್ರೆಯನ್ನು ಬರೆಯಬೇಕೆಂದು ಸಮಿತಿಯವರು ಕೇಳಿದಾಗ, ಭೂಮಿಯ ದಾಖಲೆ ಮತ್ತು ಉಯಿಲಿನ ಕಾಗದಗಳಲ್ಲಿಯೇ ಕಥೆಯೆಲ್ಲ ಅಡಗಿರುವ ಒಂದು ಕಥೋಲಿಕ ಮನೆತನ ನೆನಪಿಗೆ ಬಂದಿತು. ಅದು ಉತ್ತರ ಪ್ರದೇಶದ ಮೀರತ್ ಜಿಲ್ಲೆಯ ಸರ್ಧಾನದಲ್ಲಿ ಬೇರೂರಿದ ಮನೆತನ. ಅದರ ಕೇಂದ್ರವ್ಯಕ್ತಿ ಬೇಗಂ ಸಮರೂ.

ಅಷ್ಟು ದೂರದ ಸರ್ಧಾನಕ್ಕೂ ನಮ್ಮ ಸೀಮೆಗೂ ಏನು ನಂಟು ಎಂದು ಓದುಗರು ಕೇಳಬಹುದು. ಇತಿಹಾಸ ಒಂದು ಎಳೆಯನ್ನು ಒದಗಿಸಿದೆ. ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನನ್ನು ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯಲ್ಲಿ ಸೋಲಿಸಿದವನು ಆರ್ಥರ್ ವೆಲ್ಲೆಸ್ಲಿ. ಆ ಯುದ್ಧದಲ್ಲಿ ಧೋಂಡಿಯ ಮಡಿದನು. ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿ, 1805ರಲ್ಲಿ ಭಾರತವನ್ನು ಬಿಡುವಾಗ ಆ ಹುಡುಗನ ಪೋಷಣೆಗೆಂದು ಹಣವನ್ನೂ ಇಟ್ಟು ಹೋದನು. ಅದೇ ವೆಲ್ಲೆಸ್ಲಿ 1803ರ ಮಾರ್ಚ್‌ನಲ್ಲಿ ಹರಿಹರದ ಕಡೆಯಿಂದ ಹೊರಟು ತುಂಗಭದ್ರೆಯನ್ನು ದಾಟಿ ಮರಾಠರ ಮೇಲೆ ದಂಡೆತ್ತಿ ಹೋದನು. ಸೆಪ್ಟೆಂಬರ್ 23ರಂದು ಅಸ್ಸಾಯೆಯ ರಣರಂಗದಲ್ಲಿ ಸಿಂಧಿಯಾನ ಪಕ್ಷದಲ್ಲಿ ಅವನಿಗೆ ಎದುರಾಗಿದ್ದ ಸೈನ್ಯದಲ್ಲಿ ಬೇಗಂ ಸಮರೂಳ ಪಲ್ಟನುಗಳೂ ಇದ್ದವು. ನಮ್ಮ ಹೊಳೆಯನ್ನು ದಾಟಿದ ದಂಡು ಹೋಗಿ ಆಕೆಯ ದಂಡನ್ನು ಸಂಧಿಸಿತ್ತು.

ಪರದೇಶಿ ಸಿಪಾಯಿಯ ಮನೆ

ಈ ಮನೆತನದ ಮೂಲಪುರುಷ ವಾಲ್ಟರ್ ರೈನ್‌ಹಾರ್ಟ್. ಆಸ್ಟ್ರಿಯದವನೆಂದು ಕೆಲವರೂ ಜರ್ಮನ್ ನಾಡಿನವನೆಂದು ಇನ್ನು ಕೆಲವರೂ ಹೇಳುತ್ತಾರೆ. ಹಣಕ್ಕಾಗಿ ಕತ್ತಿ ಹಿಡಿದು, ಇಂದು ಒಬ್ಬ ಒಡೆಯ, ನಾಳೆ ಇನ್ನೊಬ್ಬ ಒಡೆಯ ಎಂದು ತಿರುಗುತ್ತಿದ್ದ ಐರೋಪ್ಯ ಸಿಪಾಯಿಗಳ ಕಾಲವದು. ಅವನ ಕಪ್ಪಿಟ್ಟ ಮುಖಭಾವಕ್ಕಾಗಿ ಸಂಗಡಿಗರು ಸೋಂಬ್ರ ಎಂದು ಅಡ್ಡಹೆಸರಿಟ್ಟರೆಂದೂ, ಅದೇ ಹಿಂದೂಸ್ಥಾನಿಗಳ ಬಾಯಲ್ಲಿ ಸಮರೂ ಆಯಿತೆಂದೂ ಹೇಳುವುದುಂಟು. 1763ರಲ್ಲಿ ಬಂಗಾಳದ ನವಾಬ ಮೀರ್ ಕಾಸಿಮನ ಸೇವೆಯಲ್ಲಿದ್ದಾಗ, ಪಾಟ್ನಾದಲ್ಲಿ ಸೆರೆಯಲ್ಲಿದ್ದ ಇಂಗ್ಲಿಷರನ್ನು ಕೊಲ್ಲಿಸಿದ ಕಳಂಕ ಅವನಿಗೆ ಅಂಟಿತು. ಆ ರಕ್ತದ ಕಲೆಯನ್ನು ತೊಳೆಯಲು ಯಾವ ದಾಖಲೆಯಿಂದಲೂ ಆಗಿಲ್ಲ. ನಾವೂ ತೊಳೆಯಲು ಹೋಗಬಾರದು.

ಆಮೇಲೆ ಅವಧ್‌ನ ನವಾಬ, ಭರತಪುರದ ಜಾಟರು, ಕೊನೆಗೆ ದಿಲ್ಲಿಯ ಬಾದಶಹ ಎರಡನೆಯ ಷಾ ಆಲಮನ ಸೇನಾಪತಿ ನಜಫ್ ಖಾನ್ ಹೀಗೆ ಹಲವರ ಬಳಿ ಅವನು ಸೇವೆ ಸಲ್ಲಿಸಿದನು. ಸೈನ್ಯದ ಖರ್ಚಿಗೆಂದು ಅವನಿಗೆ ಸರ್ಧಾನದ ಜಹಗೀರು ದೊರೆಯಿತು. ಖರ್ಚಿಗೆಂದು ಕೊಟ್ಟ ಭೂಮಿಯೋ ವಂಶಪಾರಂಪರ್ಯದ ಉಂಬಳಿಯೋ ಎಂಬ ಪ್ರಶ್ನೆ ಇಂಥ ಭೂಮಿಗಳ ವಿಷಯದಲ್ಲಿ ಅಂದು ಯಾರಿಗೂ ಮುಖ್ಯವಾಗಿ ತೋರಲಿಲ್ಲ. ಸುಮಾರು ನೂರು ವರ್ಷಗಳ ಮೇಲೆ ಲಂಡನ್ನಿನ ನ್ಯಾಯಪೀಠದ ಮುಂದೆ ಅದೇ ಮುಖ್ಯ ಪ್ರಶ್ನೆಯಾಗಲಿತ್ತು.

1778ರ ಮೇ 4ರಂದು ಆಗ್ರಾದಲ್ಲಿ ರೈನ್‌ಹಾರ್ಟ್ ತೀರಿಕೊಂಡನು. ಅಲ್ಲಿಯ ಕಥೋಲಿಕ ಸ್ಮಶಾನದಲ್ಲಿ ಅವನ ಗುಮ್ಮಟವುಳ್ಳ ಗೋರಿ ಇದೆ. ಅವನಿಗೆ ಹಿರಿಯ ಹೆಂಡತಿಯಲ್ಲಿ ಜಾಫರ್‌ಯಾಬ್ ಖಾನ್ ಎಂಬ ಮಗನಿದ್ದನು. ಆದರೆ ಸೈನ್ಯವೂ ಜಹಗೀರೂ ಬಂದದ್ದು ಆ ಮಗನ ಕೈಗಲ್ಲ, ಕಿರಿಯಳಾದ ಫರ್ಜಾನಾಳ ಕೈಗೆ. ಅಧಿಕಾರಿಗಳೂ ಸಿಪಾಯಿಗಳೂ ಆಕೆಯೇ ತಮ್ಮನ್ನು ಆಳಬೇಕೆಂದು ಕೋರಿದರು, ಬಾದಶಹನು ಒಪ್ಪಿದನು.

ಫರ್ಜಾನಾಳಿಂದ ಜೋವನ್ನಾ

1750ರ ಆಸುಪಾಸಿನಲ್ಲಿ ಮೀರತ್ ಸೀಮೆಯ ಕುಟಾನಾದಲ್ಲಿ ಹುಟ್ಟಿದ ಫರ್ಜಾನಾಳ ಬಾಲ್ಯ ಬಡತನದಲ್ಲಿ ಕಳೆಯಿತು. ತಂದೆ ತೀರಿಕೊಂಡ ಮೇಲೆ ತಾಯಿಯೊಡನೆ ದಿಲ್ಲಿಗೆ ಬಂದು, ನರ್ತಕಿಯರ ನಡುವೆ ಬೆಳೆದವಳೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹದಿಹರೆಯದಲ್ಲಿಯೇ ರೈನ್‌ಹಾರ್ಟನ ಮನೆಯನ್ನು ಸೇರಿದಳು. ಗಿಡ್ಡನೆಯ ಮೈಕಟ್ಟು, ತೀಕ್ಷ್ಣವಾದ ಬುದ್ಧಿ, ಪಾರಸಿಯಲ್ಲಿ ಪರಿಶ್ರಮ, ಯಾರಿಗೂ ಜಗ್ಗದ ಧೈರ್ಯ ಇವು ಆಕೆಯನ್ನು ಕಂಡವರೆಲ್ಲರೂ ಗುರುತಿಸಿದ ಗುಣಗಳು.

1781ರ ಮೇ 7ರಂದು ಆಗ್ರಾದಲ್ಲಿ ಕಾರ್ಮೆಲ್ ಸಭೆಯ ಫಾದರ್ ಗ್ರೆಗೋರಿಯೊ ಅವರಿಂದ ಜ್ಞಾನಸ್ನಾನ ಪಡೆದು ಜೋವನ್ನಾ ಎಂಬ ಹೆಸರನ್ನು ತಳೆದಳು. ಮಲಮಗನೂ ಜ್ಞಾನಸ್ನಾನ ಪಡೆದು ಲೂಯಿ ಬಾಲ್ತಜಾರ್ ಎನಿಸಿಕೊಂಡನು. ಬಾದಶಹನು ಆಕೆಗೆ ಜೇಬ್-ಉನ್-ನಿಸಾ, ಎಂದರೆ ಸ್ತ್ರೀಕುಲಭೂಷಣೆ, ಎಂಬ ಬಿರುದನ್ನಿತ್ತನು. ಜನರಿಗೆ ಮಾತ್ರ ಆಕೆ ಕೊನೆಯವರೆಗೂ ಬೇಗಂ ಸಮರೂ. ಒಬ್ಬಳೇ ಹೆಂಗಸು ಕಾಗದಪತ್ರಗಳಲ್ಲಿ ನಾಲ್ಕು ಹೆಸರುಗಳಿಂದ ಕಾಣಿಸಿಕೊಳ್ಳುತ್ತಾಳೆ. ಅಜ್ಜನ ಎರಡು ಹೆಸರುಗಳಿಂದ ಕಂಗಾಲಾಗಿ ನಮ್ಮ ಕಚೇರಿಗೆ ಬರುವವರು ಇದನ್ನು ಕೇಳಿ ಸಮಾಧಾನಪಟ್ಟುಕೊಳ್ಳಬಹುದು.

ಜ್ಞಾನಸ್ನಾನವು ಆಕೆಯನ್ನು ಒಂದೇ ದಿನದಲ್ಲಿ ಸಂತಳನ್ನಾಗಿ ಮಾಡಲಿಲ್ಲ. ಮನೆಗೆ ಬೆಂಕಿಯಿಟ್ಟರೆಂಬ ಆಪಾದನೆಗೆ ಒಳಗಾದ ದಾಸಿಯರಿಗೆ ಆಕೆ ವಿಧಿಸಿದಳೆನ್ನಲಾದ ಕ್ರೂರ ಮರಣದಂಡನೆಯ ಸಂಗತಿಯನ್ನು ಆ ಕಾಲದ ಹಲವರು ಬರೆದಿಟ್ಟಿದ್ದಾರೆ. ಅದನ್ನು ಮುಚ್ಚಿಟ್ಟು ಆಕೆಯ ದಾನಧರ್ಮಗಳನ್ನು ಮಾತ್ರ ಹೊಗಳಿದರೆ ಸತ್ಯಕ್ಕೆ ಅಪಚಾರವಾದೀತು.

ಬಿರುಗಾಳಿಯ ವರ್ಷಗಳು

1788ರಲ್ಲಿ ಗೋಕಲಗಢದ ಮುತ್ತಿಗೆಯಲ್ಲಿ ಶತ್ರುಗಳು ಬಾದಶಹನ ಶಿಬಿರದ ಮೇಲೆ ಹಠಾತ್ತನೆ ಎರಗಿದಾಗ, ಪಲ್ಲಕ್ಕಿಯಲ್ಲಿ ಕುಳಿತೇ ರಣರಂಗಕ್ಕೆ ಧಾವಿಸಿ ಅವನ ಪ್ರಾಣವನ್ನು ಉಳಿಸಿದವಳು ಬೇಗಂ. ಕೃತಜ್ಞನಾದ ಬಾದಶಹನು ಆಕೆಯನ್ನು ತನ್ನ ಪ್ರೀತಿಯ ಮಗಳೆಂದು ಕರೆದು ಗೌರವಿಸಿದನು.

ಐದು ವರ್ಷಗಳ ತರುವಾಯ ಆಕೆ ಎಡವಿದಳು. 1793ರಲ್ಲಿ ತನ್ನ ಸೈನ್ಯದ ಫ್ರೆಂಚ್ ಅಧಿಕಾರಿ ಲೆವಾಸೊನನ್ನು ಗುಟ್ಟಾಗಿ ವಿವಾಹವಾದಳು. ಸಿಪಾಯಿಗಳಿಗೆ ಅದು ಹಿಡಿಸಲಿಲ್ಲ. 1795ರಲ್ಲಿ ದಂಗೆಯೆದ್ದ ಸೈನ್ಯವು, ರಾತ್ರೋರಾತ್ರಿ ಓಡಿಹೋಗುತ್ತಿದ್ದ ದಂಪತಿಗಳನ್ನು ಬೆನ್ನಟ್ಟಿತು. ಸೆರೆಸಿಕ್ಕುವುದಕ್ಕಿಂತ ಸಾಯುವುದೇ ಮೇಲೆಂದು ಇಬ್ಬರೂ ಮಾತುಕೊಟ್ಟುಕೊಂಡಿದ್ದರು. ಬೇಗಂ ಕಠಾರಿಯಿಂದ ಇರಿದುಕೊಂಡಳು. ರಕ್ತವನ್ನು ಕಂಡ ಲೆವಾಸೊ ಗುಂಡು ಹಾರಿಸಿಕೊಂಡು ಸತ್ತನು. ಆಕೆಯ ಗಾಯ ಪ್ರಾಣಾಂತಿಕವಾಗಿರಲಿಲ್ಲ. ಸಿಪಾಯಿಗಳು ಆಕೆಯನ್ನು ಸರ್ಧಾನಕ್ಕೆ ಎಳೆತಂದು ಫಿರಂಗಿಯೊಂದಕ್ಕೆ ಕಟ್ಟಿಹಾಕಿ, ಮಲಮಗ ಜಾಫರ್‌ಯಾಬನನ್ನು ಒಡೆಯನೆಂದು ಸಾರಿದರು.

ಆಗ ಆಕೆಯ ನೆರವಿಗೆ ಬಂದವನು ಒಮ್ಮೆ ಆಕೆಯ ಸೇವೆಯಲ್ಲಿದ್ದು, ಮನಸ್ತಾಪದಿಂದ ಬಿಟ್ಟುಹೋಗಿದ್ದ ಐರ್ಲೆಂಡಿನ ಜಾರ್ಜ್ ಥಾಮಸ್. ಹಳೆಯ ಮುನಿಸನ್ನು ಮರೆತು ಬಂದು ಆಕೆಯನ್ನು ಪುನಃ ಗದ್ದುಗೆಗೆ ಏರಿಸಿದನು. ಜಾಫರ್‌ಯಾಬನು ದಿಲ್ಲಿಯಲ್ಲಿ ಸೆರೆವಾಸಿಯಾಗಿ ಅಲ್ಲಿಯೇ ಪ್ರಾಣಬಿಟ್ಟನು. ಆ ದಿನದಿಂದ ಬೇಗಂ ಮತ್ತೆ ಯಾರನ್ನೂ ವರಿಸಲಿಲ್ಲ. ಸಮರೂ ಎಂಬ ಹೆಸರನ್ನು ಬಿಡಲೂ ಇಲ್ಲ.

ಅಸ್ಸಾಯೆಯ ಯುದ್ಧ ನಡೆದ ವರ್ಷವೇ ದಿಲ್ಲಿಯೂ ಇಂಗ್ಲಿಷರ ವಶವಾಯಿತು. ಗಾಳಿ ಬೀಸುವ ದಿಕ್ಕನ್ನು ಅರಿತ ಬೇಗಂ ಜನರಲ್ ಲೇಕ್‌ನ ಶಿಬಿರಕ್ಕೆ ತಾನೇ ಹೋದಳು. ಭೋಜನಾನಂತರದ ಮತ್ತಿನಲ್ಲಿದ್ದ ಲೇಕ್, ಎಲ್ಲರೆದುರಿಗೆ ಆಕೆಯನ್ನು ಚುಂಬಿಸಿಬಿಟ್ಟನಂತೆ. ಸಿಪಾಯಿಗಳು ದಂಗಾಗಿ ನಿಂತಿರಲು, ಪಶ್ಚಾತ್ತಾಪಪಟ್ಟ ಮಗಳನ್ನು ಪಾದ್ರಿಯೊಬ್ಬರು ಬರಮಾಡಿಕೊಳ್ಳುವ ಬಗೆ ಇದು ಎಂದು ಹೇಳಿ ಆಕೆ ಮಾನವನ್ನು ಕಾಪಾಡಿಕೊಂಡಳೆಂದು ಕಥೆಯುಂಟು. 1805ರ ಒಪ್ಪಂದದ ಪ್ರಕಾರ ಗಂಗಾ ಯಮುನೆಗಳ ನಡುವಣ ಆಕೆಯ ಭೂಮಿಯನ್ನು ಕಂಪನಿ ಆಕೆಗೇ ಬಿಟ್ಟಿತು. ಆದರೆ ಆಕೆ ಬದುಕಿರುವವರೆಗೆ ಮಾತ್ರ. ಮುಂದಿನ ಮೂವತ್ತು ವರ್ಷಗಳ ಎಣಿಕೆಯೆಲ್ಲ ಈ ಒಂದು ಷರತ್ತಿನ ನೆರಳಿನಲ್ಲಿ ನಡೆಯಿತು.

ದೇವಾಲಯ ಮತ್ತು ದತ್ತಿಗಳು

ಭೂಮಿ ತನ್ನ ನಂತರ ಉಳಿಯದೆಂದು ತಿಳಿದವಳು ಉಳಿಯುವಂಥದನ್ನು ಕಟ್ಟಲು ತೊಡಗಿದಳು. ತನ್ನ ಸೈನ್ಯದಲ್ಲಿದ್ದ ಇಟಲಿಯ ಮೇಜರ್ ಆಂತೋನಿಯೊ ರೆಗೆಲಿನಿಯ ಯೋಜನೆಯಂತೆ ಸರ್ಧಾನದಲ್ಲಿ ಮಾತೆ ಮರಿಯಮ್ಮನವರಿಗೆ ಭವ್ಯ ದೇವಾಲಯವನ್ನು ಕಟ್ಟಿಸಿದಳು. 1822ರಲ್ಲಿ ಅದು ಪೂರ್ಣವಾಯಿತು. ನಾಲ್ಕು ಲಕ್ಷ ರೂಪಾಯಿ ತಗಲಿತೆಂದು ಹೇಳುತ್ತಾರೆ. ಅವಳಿ ಗೋಪುರಗಳು, ಗುಮ್ಮಟಗಳು, ಅಮೃತಶಿಲೆಯಲ್ಲಿ ಬಣ್ಣದ ಕಲ್ಲುಗಳನ್ನು ಕೆತ್ತಿ ಕೂರಿಸಿದ ಬಲಿಪೀಠ, ಇವುಗಳಲ್ಲಿ ಇಟಲಿಯ ಕಲ್ಪನೆಯೂ ಆಗ್ರಾದ ಕಲ್ಲುಕುಟಿಗರ ಕೈಚಳಕವೂ ಕೂಡಿಕೊಂಡಿವೆ. 1834ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗರಿಯವರು ಕಪುಚಿನ್ ಸಭೆಯ ಫಾದರ್ ಜೂಲಿಯಸ್ ಸೀಸರ್ ಸ್ಕಾಟಿಯವರನ್ನು ಸರ್ಧಾನದ ಪ್ರೇಷಿತ ಪ್ರತಿನಿಧಿಯಾಗಿ ನೇಮಿಸಿದರು. ಅಷ್ಟು ಸಣ್ಣ ಊರಿಗೆ ಅದೊಂದು ಅಪೂರ್ವ ಗೌರವ.

ಹಣದ ವಿನಿಯೋಗದಲ್ಲಿಯೂ ಆಕೆಯ ದೂರದೃಷ್ಟಿ ಎದ್ದು ಕಾಣುತ್ತದೆ. ದೇವಾಲಯದ ನಿರ್ವಹಣೆಗೆ ಒಂದು ಲಕ್ಷ, ಗುರುಗಳ ತರಬೇತಿಗಾಗಿ ವಿದ್ಯಾಲಯಕ್ಕೆ ಒಂದು ಲಕ್ಷ, ಸರ್ಧಾನದ ಬಡವರಿಗೆ 50,000 ರೂಪಾಯಿ. ಇವನ್ನೆಲ್ಲ ಕೈಗೆ ಕೊಟ್ಟು ಕರಗಿಸದೆ, ಬಡ್ಡಿಯಿಂದ ಕಾರ್ಯ ನಡೆಯುವಂತೆ ಮುಡಿಪಾಗಿಟ್ಟಳು. ಪೋಪರಿಗೆ ಒಂದೂವರೆ ಲಕ್ಷವನ್ನೂ, ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಿಗೆ 50,000ವನ್ನೂ ಕಳುಹಿಸಿದಳು. ಮದರಾಸು, ಕಲ್ಕತ್ತ, ಮುಂಬಯಿಗಳ ಕಥೋಲಿಕ ಮಿಷನ್ನುಗಳನ್ನೂ ಆಕೆ ಮರೆಯಲಿಲ್ಲ. ಮಸೀದಿಗೂ ದೇವಸ್ಥಾನಕ್ಕೂ ಬೇಡಿಬಂದವರನ್ನು ಬರಿಗೈಯಲ್ಲಿ ಕಳುಹಿಸಿದವಳಲ್ಲ.

ಉಯಿಲು ಮತ್ತು ವಾರಸುದಾರ

ಆಕೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಜಾಫರ್‌ಯಾಬನ ಮಗಳು ಜೂಲಿಯಾ ಆನ್ 1806ರಲ್ಲಿ ಕರ್ನಲ್ ಜಾರ್ಜ್ ಡೈಸ್‌ನನ್ನು ಮದುವೆಯಾಗಿದ್ದಳು. ಇವರಿಗೆ 1808ರ ಡಿಸೆಂಬರ್ 18ರಂದು ಹುಟ್ಟಿದ ಡೇವಿಡ್ ಆಕ್ಟರ್ಲೊನಿ ಡೈಸ್‌ನನ್ನು ಬೇಗಂ ತನ್ನ ಮಡಿಲಿಗೆ ಹಾಕಿಕೊಂಡಳು. ವಂಶವೃಕ್ಷವನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಮನಮುಟ್ಟುತ್ತದೆ. ಈ ಹುಡುಗ ಆಕೆಯ ರಕ್ತಸಂಬಂಧಿಯೇ ಅಲ್ಲ. ತನ್ನನ್ನು ಗದ್ದುಗೆಯಿಂದ ಇಳಿಸಿದ ಮಲಮಗನ ಮೊಮ್ಮಗ. ದ್ವೇಷವನ್ನು ಮೂರನೆಯ ತಲೆಮಾರಿಗೆ ದಾಟಿಸದೆ, ಅವನನ್ನೇ ಸಾಕಿ ವಾರಸುದಾರನನ್ನಾಗಿ ಮಾಡಿದ್ದು ಆಕೆಯ ಬಾಳಿನ ಬಹು ದೊಡ್ಡ ಕಾರ್ಯವೆಂದು ನನಗೆ ತೋರುತ್ತದೆ.

1831ರ ಡಿಸೆಂಬರಿನಲ್ಲಿ ಉಯಿಲು ಬರೆಸಿದಳು. ಇಂಗ್ಲಿಷಿನ ಉಯಿಲೊಂದೇ ಸಾಲದೆಂದು 1834ರ ಡಿಸೆಂಬರಿನಲ್ಲಿ ಪಾರಸಿಯಲ್ಲಿ ದಾನಪತ್ರವನ್ನೂ ಮಾಡಿಸಿ ತನ್ನ ಚರಸ್ವತ್ತನ್ನು ಡೇವಿಡನಿಗೆ ವಹಿಸಿಕೊಟ್ಟಳು. ಅವನು ಮನೆತನದ ಹೆಸರನ್ನು ಸೇರಿಸಿಕೊಂಡು ಡೈಸ್ ಸೋಂಬ್ರ ಆದನು. ಅವನ ತಂದೆ ಕರ್ನಲ್ ಡೈಸ್ ಮಾತ್ರ ಬೇಗಮಳ ಅವಕೃಪೆಗೆ ತುತ್ತಾಗಿ ಹೊರಗುಳಿದಿದ್ದನು.

1836ರ ಜನವರಿ 27ರಂದು ಬೇಗಂ ಸರ್ಧಾನದಲ್ಲಿ ದೈವಾಧೀನಳಾದಳು. ತಾನು ಕಟ್ಟಿಸಿದ ದೇವಾಲಯದಲ್ಲಿಯೇ ಆಕೆಯ ಸಮಾಧಿಯಾಯಿತು. ಷರತ್ತಿನಂತೆ ಕಂಪನಿ ತಡಮಾಡದೆ ಜಹಗೀರನ್ನು ವಶಪಡಿಸಿಕೊಂಡಿತು. ಯಮುನೆಯ ಆಚೆಗಿದ್ದ ಬಾದಶಹಪುರ ಪರಗಣೆಯನ್ನೂ ಬಿಡಲಿಲ್ಲ.

ನ್ಯಾಯಾಲಯಗಳ ಮೆಟ್ಟಿಲು

ಭೂಮಿ ಹೋದರೂ ಡೈಸ್ ಸೋಂಬ್ರನ ಪಾಲಿಗೆ ಉಳಿದ ಹಣ ಐದು ಲಕ್ಷ ಪೌಂಡಿನಷ್ಟು. ಮೊದಲ ದಾವೆ ಹೂಡಿದವನು ಹೊರಗುಳಿದ ತಂದೆಯೇ! ಮಗನು ತಂದೆಯೊಡನೆ ಕಲ್ಕತ್ತದಲ್ಲಿ ಹೇಗೋ ರಾಜಿ ಮಾಡಿಕೊಂಡು 1838ರಲ್ಲಿ ಇಂಗ್ಲೆಂಡಿಗೆ ಹೋದನು. 1840ರಲ್ಲಿ ಪ್ರತಿಷ್ಠಿತ ಸೇಂಟ್ ವಿನ್ಸೆಂಟ್ ಮನೆತನದ ಮೇರಿ ಆನ್ ಜರ್ವಿಸ್‌ಳನ್ನು ಮದುವೆಯಾದನು. 1841ರಲ್ಲಿ ಸಡ್‌ಬರಿಯಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ಚುನಾಯಿತನಾದನು. ಭಾರತೀಯ ರಕ್ತವುಳ್ಳವನು ಆ ಸಭೆಯನ್ನು ಪ್ರವೇಶಿಸಿದ್ದು ಅಪೂರ್ವವಾದ ಘಟನೆ. ಚುನಾವಣೆಯಲ್ಲಿ ಲಂಚ ನಡೆದಿತ್ತೆಂದು ಮರುವರ್ಷವೇ ಆ ಸ್ಥಾನವೂ ಹೋಯಿತು.

ಹೆಂಡತಿಯ ಶೀಲದ ಮೇಲೆ ಅವನಿಗೆ ಸಂಶಯ ಹುಟ್ಟಿತು. ಸರ್ಧಾನದ ಅಂತಃಪುರದ ರೀತಿನೀತಿಗಳಲ್ಲಿ ಬೆಳೆದವನಿಗೆ ಲಂಡನ್ನಿನ ಸ್ತ್ರೀಯರ ಸ್ವಚ್ಛಂದವಾದ ಓಡಾಟ ಸಹ್ಯವಾಗಲಿಲ್ಲ. ಸಿಕ್ಕಿದವರನ್ನು ದ್ವಂದ್ವಯುದ್ಧಕ್ಕೆ ಕರೆಯತೊಡಗಿದನು. 1843ರಲ್ಲಿ ವಿಚಾರಣಾ ಮಂಡಲಿಯೊಂದು ಅವನನ್ನು ಬುದ್ಧಿಭ್ರಮಣೆಯುಳ್ಳವನೆಂದು ತೀರ್ಮಾನಿಸಿತು. ಆಸ್ತಿಯ ಆಡಳಿತ ಅವನ ಕೈತಪ್ಪಿತು. ಫ್ರಾನ್ಸಿಗೆ ತಪ್ಪಿಸಿಕೊಂಡು ಹೋದ ಅವನು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು, ತಾನು ಸ್ವಸ್ಥನೆಂದು ಸಾಧಿಸಲು 1849ರಲ್ಲಿ ದೊಡ್ಡ ಗ್ರಂಥವನ್ನೇ ಅಚ್ಚುಮಾಡಿಸಿದನು. ಅವನ ಮನಸ್ಸು ನಿಜವಾಗಿ ಕದಡಿತ್ತೋ, ಎರಡು ನಾಗರಿಕತೆಗಳ ನಡುವೆ ಸಿಕ್ಕಿ ನಲುಗಿತ್ತೋ ಎಂಬುದು ಇಂದಿಗೂ ಚರ್ಚೆಯ ವಿಷಯ. 1851ರ ಜುಲೈ 1ರಂದು ಲಂಡನ್ನಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು.

ಅವನ ಉಯಿಲು ಹೊರಬಿದ್ದಿತು. ಸರ್ಧಾನದಲ್ಲಿ ಶಾಲೆಯೊಂದನ್ನು ಸ್ಥಾಪಿಸಲು ಆಸ್ತಿಯ ಬಹುಭಾಗವನ್ನು ಬಿಟ್ಟಿದ್ದನು. ಆದರೆ ಬುದ್ಧಿ ಸ್ಥಿಮಿತವಿಲ್ಲದವನ ಉಯಿಲಿಗೆ ಬೆಲೆಯುಂಟೆ? ಹೆಂಡತಿಯೂ, ಸೋದರಿಯರಾದ ಟ್ರೂಪ್ ಮತ್ತು ಸೊಲರೋಲಿ ಮನೆಗಳ ಹೆಣ್ಣುಮಕ್ಕಳೂ ಅದನ್ನು ವಿರೋಧಿಸಿದರು. 1856ರಲ್ಲಿ ಪ್ರಿವಿ ಕೌನ್ಸಿಲ್ ಆ ಉಯಿಲನ್ನು ಅಸಿಂಧುವೆಂದು ಹೇಳಿತು. ಉಯಿಲಿಲ್ಲದೆ ಸತ್ತವನ ಆಸ್ತಿಯಂತೆ ಎಲ್ಲವೂ ಆ ಮೂವರ ನಡುವೆ ಹಂಚಿಹೋಯಿತು. ಶಾಲೆಯ ಕನಸು ಕಾಗದದಲ್ಲಿಯೇ ಉಳಿಯಿತು.

ಬಾದಶಹಪುರದ ಭೂಮಿಗಾಗಿ ವ್ಯಾಜ್ಯ ಇನ್ನೂ ಮುಂದುವರಿಯಿತು. ಅದು ಶಾಶ್ವತ ದಾನವೆಂದು ವಾರಸುದಾರರೂ, ಸೈನ್ಯದ ಖರ್ಚಿಗೆ ಕೊಟ್ಟದ್ದರಿಂದ ಬೇಗಮಳ ಕಾಲಕ್ಕೇ ಮುಗಿಯಿತೆಂದು ಸರ್ಕಾರವೂ ವಾದಿಸಿದವು. 1872ರಲ್ಲಿ ಪ್ರಿವಿ ಕೌನ್ಸಿಲ್ ಭೂಮಿಯ ಮೇಲಣ ಹಕ್ಕನ್ನು ತಳ್ಳಿಹಾಕಿತು. ಬೇಗಂ ಸತ್ತು ಆಗಲೇ ಮೂವತ್ತಾರು ವರ್ಷಗಳಾಗಿದ್ದವು. ದಾವೆ ಹೂಡಿದ ಮನೆಯವರಲ್ಲಿ ಒಬ್ಬರೂ ಆ ಭೂಮಿಯನ್ನು ಉತ್ತವರಲ್ಲ. ಉತ್ತ ರೈತರ ಹೆಸರುಗಳು ಆ ದೊಡ್ಡ ವ್ಯಾಜ್ಯದಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಉಳಿದದ್ದು ಏನು?

ಡೈಸ್ ಸೋಂಬ್ರನ ಅವಶೇಷವನ್ನು 1867ರಲ್ಲಿ ಸರ್ಧಾನಕ್ಕೆ ತಂದು ಬೇಗಮಳ ಸಮೀಪದಲ್ಲಿಯೇ ಇಟ್ಟರು. ರೋಮಿನ ಶಿಲ್ಪಿ ಅದಾಮೊ ತಾದೊಲಿನಿ ಕಡೆದ ಅಮೃತಶಿಲೆಯ ಸ್ಮಾರಕದಲ್ಲಿ ಬೇಗಂ ಇಂದಿಗೂ ಸಿಂಹಾಸನದ ಮೇಲೆ ಕುಳಿತಿದ್ದಾಳೆ. ಸೈನ್ಯವಿಲ್ಲ, ಜಹಗೀರಿಲ್ಲ, ಅಲ್ಲಿ ವಂಶದ ಕುಡಿಯಿಲ್ಲ. ಅರಮನೆಯೂ ಕಾಲಾನಂತರ ಧರ್ಮಸಭೆಯ ಕೈಸೇರಿ, ಮಕ್ಕಳು ಓದುವ ಶಾಲೆಯಾಯಿತು. ವಾರಸುದಾರನ ಉಯಿಲಿನಿಂದ ಆಗದ ಕೆಲಸವನ್ನು ದೈವೇಚ್ಛೆ ಬೇರೊಂದು ದಾರಿಯಿಂದ ನಡೆಸಿಕೊಟ್ಟಿತೆನ್ನಬೇಕು. ದೇವಾಲಯವನ್ನು 1961ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ಕಿರಿಯ ಬೆಸಿಲಿಕದ ಪದವಿಗೆ ಏರಿಸಿದರು. ಪ್ರತಿ ನವೆಂಬರಿನಲ್ಲಿ ಕೃಪಾಮಾತೆಯ ಹಬ್ಬಕ್ಕೆ ಜಾತಿಮತಗಳೆನ್ನದೆ ಜನಸಾಗರ ಅಲ್ಲಿ ಸೇರುತ್ತದೆ.

ಪ್ರಿಯ ಕ್ರೈಸ್ತ ಬಂಧುಗಳೇ, ಬೇಗಂ ತನ್ನ ಕಣ್ಣೆದುರಿಗೆ, ಸ್ಪಷ್ಟವಾದ ಬರವಣಿಗೆಯಲ್ಲಿ ದೇವರಿಗೂ ಬಡವರಿಗೂ ಕೊಟ್ಟದ್ದು ಉಳಿಯಿತು. ಮನೆತನಕ್ಕೆಂದು ಕೂಡಿಟ್ಟದ್ದು ವಕೀಲರ ಶುಲ್ಕಕ್ಕೂ ಒಡಹುಟ್ಟಿದವರ ಮನಸ್ತಾಪಕ್ಕೂ ಕರಗಿತು. ನಮ್ಮಲ್ಲಿ ಐದು ಲಕ್ಷ ಪೌಂಡುಗಳಿಲ್ಲ. ಎರಡೆಕರೆ ಖುಷ್ಕಿಯೋ, ಭದ್ರಾ ನಾಲೆಯ ನೀರು ಕಾಣುವ ಒಂದಿಷ್ಟು ಗದ್ದೆಯೋ, ನಾಲ್ಕು ಸಾಲು ಅಡಿಕೆಯೋ ಇದ್ದೀತು. ಅದಕ್ಕಾಗಿಯೂ ಅಣ್ಣತಮ್ಮಂದಿರು ಬಲಿಪೂಜೆಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದೆ ಕುಳಿತುಕೊಳ್ಳುವುದನ್ನು ನಾನು ಬಲಿಪೀಠದಿಂದ ಕಂಡಿದ್ದೇನೆ. ಬುದ್ಧಿ ಚೆನ್ನಾಗಿರುವಾಗಲೇ, ಹೆಣ್ಣುಮಕ್ಕಳನ್ನು ಮರೆಯದೆ, ಸಾಕ್ಷಿಗಳ ಸಮಕ್ಷಮದಲ್ಲಿ ಉಯಿಲು ಬರೆದಿಡುವುದು ಸಾವನ್ನು ಕರೆದಂತಲ್ಲ. ಮಕ್ಕಳಿಗೆ ಶಾಂತಿಯನ್ನು ಬಿಟ್ಟುಹೋದಂತೆ.

ಚನ್ನಗಿರಿಯ ಸೂಳೆಕೆರೆಯನ್ನು ಶಾಂತವ್ವೆಯೆಂಬ ಹೆಣ್ಣುಮಗಳು ಕಟ್ಟಿಸಿದಳೆಂದು ನಮ್ಮ ಜನ ಹೇಳುತ್ತಾರೆ. ಆಕೆಯ ಮನೆ ಎಲ್ಲಿತ್ತು, ಆಸ್ತಿ ಯಾರ ಪಾಲಾಯಿತು ಎಂದು ಯಾರೂ ಕೇಳುವುದಿಲ್ಲ. ಕೆರೆಯ ನೀರು ಮಾತ್ರ ವರ್ಷವರ್ಷವೂ ಗದ್ದೆಗಳಿಗೆ ಹರಿಯುತ್ತದೆ. ನೂರು ವರ್ಷಗಳ ಹಿಂದೆ ನಮ್ಮ ಈ ದೇವಾಲಯಕ್ಕೆ ಕಲ್ಲು ಹೊತ್ತವರ, 1 ರೂಪಾಯಿ, 2 ರೂಪಾಯಿ ಕೊಟ್ಟವರ ಹೆಸರುಗಳೂ ಬಹುಮಟ್ಟಿಗೆ ಅಳಿಸಿಹೋಗಿವೆ. ಅವರ ದಾನದ ಕೆಳಗೆ ನಾವು ಇಂದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದೇವೆ. ಅವರಿಗೂ, ಪಾಪಪುಣ್ಯಗಳೆರಡನ್ನೂ ಹೊತ್ತು ನಡೆದ ಸರ್ಧಾನದ ಆ ಧೀರ ಮಹಿಳೆಗೂ ಪ್ರಭುವು ನಿತ್ಯವಿಶ್ರಾಂತಿಯನ್ನು ದಯಪಾಲಿಸಲಿ.